‘ಹೊಸಕೊಪ್ಪ ಬಳಗ’ದಲ್ಲಿ ಐದು ಲಕ್ಷದ ಜಗಳ

ಶ್ರೀಧರ: (ಫಾರ್ವರ್ಡ್) ಬ್ರಿಟನ್‌ನಲ್ಲಿ ಕೊರೊನಾಕ್ಕೆ 5 ಲಕ್ಷ ಜನ ಸಾಯ್ತಾರೆ ಅಂದಿತ್ತು ಕಂಪ್ಯೂಟರ್ ಮಾಡೆಲ್!! ಸತ್ತರಾ? ಇಲ್ಲ!! ಸುಳ್ಳು ಲೆಕ್ಕ ತೋರಿಸಿ ಲೋಕಕ್ಕೇ ಬೀಗ ಜಡಿದರು. ಎಲ್ಲರಿಗೂ ತಲುಪಿಸಿ 🙏

ಶ್ರೀಧರ: ಎಲ್ರೂ ಓದಿ. ನಾನು ಆಗ್ಲೇ ಹೇಳಿದ್ದೆ.

ಗಿರೀಶ: ಚಿಕ್ಕಪ್ಪ, ಕಾಫಿ ಆಯ್ತಾ? 😀

ಅನಘಾ: ಮಾವ, ಅದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವರದಿ, 2020ರ ಮಾರ್ಚ್ 16ರದ್ದು. 5.1 ಲಕ್ಷ ಅಂತ ಇರೋದು ನಿಜ. ಆದ್ರೆ ಅದು ಸರ್ಕಾರ ಏನೂ ಮಾಡದೆ, ಜನ ಎಂದಿನಂತೆ ಓಡಾಡ್ಕೊಂಡಿದ್ರೆ ಆಗೋದು. ರೋಗಿಗಳನ್ನ, ವಯಸ್ಸಾದವರನ್ನ ಮನೇಲಿರಿಸಿ ಅಷ್ಟಕ್ಕೇ ಬಿಟ್ರೆ 2.5 ಲಕ್ಷ ಅಂತಾನೂ ಅದರಲ್ಲೇ ಇದೆ. ಫಾರ್ವರ್ಡ್ ಮಾಡಿದವರು ಷರತ್ತು ಕತ್ತರಿಸಿ ಅಂಕಿ ಮಾತ್ರ ಇಟ್ಕೊಂಡಿದಾರೆ. ಒಂದು ವಾರಕ್ಕೆ ಅಲ್ಲಿ ಲಾಕ್‌ಡೌನ್ ಆಯ್ತು. ಅಷ್ಟಾಗಿಯೂ ಕೊನೆಗೆ 2 ಲಕ್ಷ ದಾಟ್ತು.

ಶ್ರೀಧರ: ಜಾಣತನ ಅದೇ ಕಣಮ್ಮ. ಸತ್ರೆ "ಹೇಳಿದ್ವಲ್ಲ", ಸಾಯ್ದಿದ್ರೆ "ನಾವು ಹೇಳಿದ್ದಕ್ಕೇ ಉಳ್ಕೊಂಡ್ರು". ಜೋಯಿಸರದ್ದೂ ಇದೇ ವರಸೆ.

ಗಿರೀಶ: ಇದು ಸರಿಯಾದ ಬಾಲು 👏

ಅನಘಾ: ಜೋಯಿಸರು ಲೆಕ್ಕ ಬಿಚ್ಚಿ ತೋರಿಸಲ್ಲ ಮಾವ. ಇಲ್ಲಿ ನೀವೇ ಹಾಕಿ ನೋಡ್ಬಹುದು. ಸಾವಿರ ಜನರ ಊರು. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲ, ಒಬ್ಬ ಸರಾಸರಿ 2.5 ಜನಕ್ಕೆ ಅಂಟಿಸ್ತಾನೆ ಅನ್ಕೊಳ್ಳಿ. 600 ಜನಕ್ಕೆ ಬಂದು ಹೋದ್ಮೇಲೆ ಅಂಟೋಕೆ ಉಳಿದವರು ಸಾವಿರಕ್ಕೆ 400. 2.5 ಗುಣಿಸು 0.4, ಬಂತು 1, ಅಂದ್ರೆ ಒಬ್ಬನಿಂದ ಒಬ್ಬನಿಗೇ. ಅಲ್ಲಿಂದ ಇಳಿಯುತ್ತೆ. ದಡಾರಕ್ಕೆ 2.5 ಅಲ್ಲ, 12ರಿಂದ 18. ಅದಕ್ಕೇ ಆ ಲಸಿಕೆ ನೂರಕ್ಕೆ 95 ಮಕ್ಕಳಿಗೆ ಮುಟ್ಟಬೇಕು ಅಂತ ಅಷ್ಟು ಹಠ.

ಶ್ರೀಧರ: ಆ 2.5 ಯಾರು ಕೊಟ್ಟಿದ್ದು? ಅದೇ ತಪ್ಪಿದ್ರೆ? ಬ್ರಿಟನ್ ಬಿಡು, ನಮ್ಮ ಕಥೆ ಹೇಳು. ಕೇಂದ್ರ ಸರ್ಕಾರದ ಸಮಿತಿ 2020ರ ಅಕ್ಟೋಬರ್‌ನಲ್ಲಿ ಏನಂದಿತ್ತು? ಫೆಬ್ರುವರಿ ಹೊತ್ತಿಗೆ ಬಹುತೇಕ ಮುಗಿಯುತ್ತೆ ಅಂತ. ಮೇ ತಿಂಗಳಲ್ಲಿ ದಿನಕ್ಕೆ 4 ಲಕ್ಷ ಕೇಸು!

ಅನಘಾ: ಇದನ್ನ ಒಪ್ತೀನಿ. ನಿಮ್ಮ ಫಾರ್ವರ್ಡ್‌ಗಿಂತ ಈ ಪ್ರಶ್ನೆ ಎಷ್ಟೋ ವಾಸಿ. ಅವರೂ "ಎಚ್ಚರಿಕೆ ಬಿಡದಿದ್ರೆ" ಅಂತ ಸೇರಿಸಿದ್ರು. ಆಮೇಲೆ ಜನ ಮಾಸ್ಕ್ ಬಿಟ್ರು, ಡೆಲ್ಟಾ ಅನ್ನೋ ಹೊಸ ತಳಿ ಬಂತು. ಹಳೇ ವೈರಾಣುವಿನ ಅಂಕಿ ಹೊಸದಕ್ಕೆ ಹೊಂದಲ್ಲ. ಎರಡು ವಾರ ಮುಂದಕ್ಕೆ ಹೇಳೋದು ಬೇರೆ, ನಾಲ್ಕು ತಿಂಗಳ ಮುಂದಕ್ಕೆ ಹೇಳೋದು ಬೇರೆ. ಅಷ್ಟು ಧೈರ್ಯವಾಗಿ ಹೇಳಬಾರದಿತ್ತು.

ಗಿರೀಶ: ಹಾಗಾದ್ರೆ ಹಿಂದೆ ನಡೆದದ್ದಕ್ಕೆ ಮಾಡೆಲ್‌ನ ಗೆರೆ ತಾಳೆ ಬಂತು ಅಂತ ಅದನ್ನ ನಂಬೋ ಹಾಗಿಲ್ಲ?

ಅನಘಾ: ಇಲ್ಲ. ಈ ಲೆಕ್ಕದ ಮೂಲ 1927ರ ಒಂದು ಪ್ರಬಂಧ, ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಅನ್ನೋರದ್ದು. ಮೆಕೆಂಡ್ರಿಕ್ ನಮ್ಮ ಹಿಮಾಚಲದ ಕಸೌಲಿಯಲ್ಲೇ ಕೆಲಸ ಮಾಡಿದ್ದವರು. ಅವರು ತಾಳೆ ನೋಡಿದ್ದು 1905-06ರ ಬೊಂಬಾಯಿ ಪ್ಲೇಗಿನ ವಾರವಾರದ ಸಾವಿಗೆ. ಗೆರೆ ಚೆನ್ನಾಗೇ ಕೂತಿತು.

ಸಾವಿತ್ರಿ: ಪ್ಲೇಗು ಇಲಿಯಿಂದ ಅಲ್ವೇನೇ? ಮನುಷ್ಯರಿಂದ ಮನುಷ್ಯರಿಗೆ ಅಂತ ಲೆಕ್ಕ ಹಾಕಿದ್ರೆ?

ಅನಘಾ: ದೊಡ್ಡಮ್ಮ!! 🔥 ಅದೇ ವಿಷಯ. ಇಲಿ, ಚಿಗಟ ಯಾವುದೂ ಲೆಕ್ಕದಲ್ಲಿಲ್ಲ. ಆದ್ರೂ ಗೆರೆ ಕೂತಿತು.

ಸಾವಿತ್ರಿ: ಮಂಗನ ಕಾಯಿಲೆಗೆ ನಿಮ್ಮ 2.5 ಏನೂ ಬರಲ್ಲ ಬಿಡು. ಅದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಹೆಚ್ಚಾಗಿ ಉಣುಗು ಕಚ್ಚಿಯೇ ಬರೋದು. ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡಿಎಂಪಿ ಎಣ್ಣೆನ ನಾವು ಮನೆಮನೆಗೆ ಹಂಚ್ತಿದ್ವಿ. ಕಾಡಲ್ಲಿ ಮಂಗ ಸತ್ತು ಬಿದ್ದಿದೆ ಅಂದ್ರೆ ಅದೇ ನಮಗೆ ಮುನ್ಸೂಚನೆ. ಆ ಲೆಕ್ಕಕ್ಕೆ ಮಂಗ, ಉಣುಗು, ಸೌದೆಗೆ ಹೋಗೋ ಹೆಂಗಸರು ಎಲ್ಲ ಸೇರ್ಬೇಕು.

ಅನಘಾ: ಸೇರಿಸ್ತಾರೆ ದೊಡ್ಡಮ್ಮ. ಮಲೇರಿಯಾ ಸೊಳ್ಳೆಯಿಂದ ಅಂತ ಕಂಡುಹಿಡಿದ ರೊನಾಲ್ಡ್ ರಾಸ್ ನೂರು ವರ್ಷದ ಹಿಂದೆಯೇ ಮಲೇರಿಯಾ ಲೆಕ್ಕದಲ್ಲಿ ಸೊಳ್ಳೆನ ಸೇರಿಸಿದ್ದ. ಎಲ್ಲ ಸೊಳ್ಳೆ ಕೊಲ್ಲೋದು ಬೇಡ, ಒಂದು ಮಟ್ಟಕ್ಕಿಂತ ಕಮ್ಮಿ ಮಾಡಿದ್ರೆ ಸಾಕು ಅಂತ ತೋರಿಸಿದ್ದೇ ಆ ಲೆಕ್ಕ.

ಶ್ರೀಧರ: ಸರಿ ಸರಿ. ನಾನಂತೂ ಡಿಲೀಟ್ ಮಾಡಲ್ಲ. ಬೇಕಾದ್ರೆ ಆ ಷರತ್ತು ನೀನೇ ಎರಡು ಸಾಲಲ್ಲಿ ಬರೆದು ಕೊಡು, ವಾಕಿಂಗ್ ಗುಂಪಿಗೂ ಹಾಕ್ತೀನಿ. ಅಕ್ಟೋಬರ್ ಸಮಿತಿ ವಿಷಯನೂ ಇರ್ಬೇಕು, ಅದನ್ನ ನುಂಗ್ಬೇಡ.

ಸಾವಿತ್ರಿ: ಶ್ರೀಧರ, ಮೊದಲು ಫೋನ್ ಇಟ್ಟು ತಿಂಡಿ ತಿನ್ನು.