‘ಹಿಮನದಿ’ ಅಂದರೆ ನಮ್ಮ ಮಕ್ಕಳಿಗೆ ನಂದಿಬೆಟ್ಟದ ಮಂಜು. ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಎಂಟನೇ ತರಗತಿಗೆ ಪಾಠ ಮಾಡುತ್ತೇನೆ. ಮೊನ್ನೆ ಶನಿವಾರದ ಬೆಳಗಿನ ಕ್ಲಾಸು. ‘ಹಿಮ ಕರಗುತ್ತಿದೆ, ಸಮುದ್ರ ಮಟ್ಟ ಏರುತ್ತಿದೆ’ ಎಂದು ಬೋರ್ಡಿನ ಮೇಲೆ ಬರೆದೆ. ಕಿಟಕಿಯಾಚೆ ನಂದಿಬೆಟ್ಟ ಮಂಜಿನಲ್ಲಿ ಅರ್ಧ ಮುಚ್ಚಿಹೋಗಿತ್ತು. ಒಬ್ಬ ಹುಡುಗ ಆ ಕಡೆ ಕೈ ತೋರಿಸಿ, ‘ಸಾರ್, ಅದು ದಿನಾ ಕರಗುತ್ತಲ್ವಾ, ಒಂಬತ್ತು ಗಂಟೆ ಹೊತ್ತಿಗೆ? ಅದಕ್ಕೂ ಸಮುದ್ರಕ್ಕೂ ಏನು ಸಂಬಂಧ?’ ಎಂದು ಕೇಳಿದ.

ಹುಡುಗ ತಪ್ಪು ಕೇಳಲಿಲ್ಲ. ನಮ್ಮ ಕಡೆ ಹಿಮ ಅಂದರೆ ಅದೇ. ‘ಹಿಮ ಬೀಳ್ತಿದೆ, ತಲೆಗೆ ಏನಾದರೂ ಸುತ್ಕೋ’ ಎಂದು ಅಜ್ಜಿಯರು ಹೇಳುವುದು ರಾತ್ರಿಯ ಚಳಿಗೆ, ಇಬ್ಬನಿಗೆ. ಮಂಜು ಬೀಳುತ್ತದೆ, ಮಂಜು ಕವಿಯುತ್ತದೆ, ಬಿಸಿಲೇರಿದರೆ ಮಂಜು ಕರಗುತ್ತದೆ. ಇದೆಲ್ಲ ಒಳ್ಳೆಯ ಕನ್ನಡವೇ. ಆದರೆ ಇದೇ ಪದಗಳನ್ನು ತೆಗೆದುಕೊಂಡು ನಾವು ಹಿಮಾಲಯದ ಗ್ಲೇಸಿಯರ್ ಬಗ್ಗೆ, ಅಂದರೆ ಇಳಿಜಾರಿನಲ್ಲಿ ನಿಧಾನವಾಗಿ ಸಾಗುವ ದೊಡ್ಡ ಮಂಜುಗಡ್ಡೆಯ ಬಗ್ಗೆ, ಬರೆಯುತ್ತೇವೆ; ಅದನ್ನೇ ‘ಹಿಮನದಿ’ ಎನ್ನುತ್ತೇವೆ. ಆಗ ದಿನಾ ನಡೆಯುವ ಸಂಗತಿಯ ಹಾಗೆ ಕೇಳಿಸುತ್ತದೆ. ಗಾಬರಿಯಾಗಬೇಕಾದ ಮಾತು ಬೆಳಗಿನ ಮಂಜಿನ ಹಾಗೆ ಹಗುರವಾಗುತ್ತದೆ.

ಇನ್ನು ‘ನದಿ’. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಯ ಸುತ್ತಮುತ್ತಲ ಬೆಟ್ಟಗಳಲ್ಲೇ. ಆದರೂ ನಮ್ಮ ಮಕ್ಕಳು ತುಂಬಿ ಹರಿಯುವ ನದಿ ನೋಡುವುದು ಯಾವಾಗಲೋ ಒಂದು ಸಲ. ಹಾಗಾಗಿ ‘ಹಿಮನದಿ ಕರಗುತ್ತದೆ’ ಎಂದರೆ, ನದಿ ಕರಗುವುದು ಹೇಗೆ ಎಂದು ಅವರಿಗೆ ಗೊಂದಲ. ಮೊದಮೊದಲು ನನಗೂ ಈ ‘ನದಿ’ಯನ್ನು ಕೈಬಿಡಬೇಕು ಅನ್ನಿಸಿತ್ತು. ಈಗ ಹಾಗನ್ನಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಗ್ಲೇಸಿಯರ್ ಅಂದರೆ ಸುಮ್ನೆ ರಾಶಿಬಿದ್ದ ಹಿಮ ಅಲ್ಲ. ವರ್ಷವರ್ಷವೂ ಬಿದ್ದದ್ದು ಪದರ ಪದರವಾಗಿ ಅದುಮಿ ಗಟ್ಟಿಯಾಗುತ್ತದೆ. ಆಮೇಲೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಸಾಗುತ್ತದೆ. ಹಲವು ಗ್ಲೇಸಿಯರ್‌ಗಳು ದಿನಕ್ಕೆ ಒಂದು ಮೀಟರ್ ಕೂಡ ಸಾಗುವುದಿಲ್ಲ. ಗ್ರೀನ್‌ಲ್ಯಾಂಡಿನ ಯಾಕೋಬ್ಸ್‌ಹಾವ್ನ್ ದಿನಕ್ಕೆ 30 ಮೀಟರಿಗಿಂತ ಜಾಸ್ತಿ ಸಾಗಿದ್ದೂ ಉಂಟು. ಸಾಗುವುದು ನಿಂತರೆ ಅದು ಗ್ಲೇಸಿಯರ್ ಅಲ್ಲ. ಐಸ್‌ಲ್ಯಾಂಡಿನಲ್ಲಿ ‘ಓಕ್’ ಎಂಬ ಬೆಟ್ಟದ ಮೇಲೆ ಒಂದಿತ್ತು. ಅಲ್ಲಿನ ಭಾಷೆಯಲ್ಲಿ ಗ್ಲೇಸಿಯರಿಗೆ ‘ಯೋಕುಲ್’ ಎನ್ನುತ್ತಾರೆ, ಹಾಗಾಗಿ ಅದು ಓಕ್‌ಯೋಕುಲ್. ಕರಗಿ ಕರಗಿ ಎಷ್ಟು ತೆಳುವಾಯಿತೆಂದರೆ ಸಾಗಲು ಬೇಕಾದ ಭಾರವೇ ಅದಕ್ಕೆ ಉಳಿಯಲಿಲ್ಲ. 2014ರಲ್ಲಿ ವಿಜ್ಞಾನಿಗಳು ಅದು ಇನ್ನು ಗ್ಲೇಸಿಯರ್ ಅಲ್ಲ ಎಂದರು. ಹೆಸರಿನಿಂದ ‘ಯೋಕುಲ್’ ಹೋಯಿತು, ಬರೀ ‘ಓಕ್’ ಉಳಿಯಿತು. 2019ರ ಆಗಸ್ಟ್‌ನಲ್ಲಿ ಅಲ್ಲಿ ಒಂದು ನೆನಪಿನ ಫಲಕವನ್ನೂ ಹಾಕಿದರು. ಇದನ್ನು ಹೇಳಿದಾಗ ಕ್ಲಾಸು ಗಪ್‌ಚುಪ್ ಆಯಿತು. ಒಂದು ಜಾಗ ತನ್ನ ಹೆಸರಿನ ಅರ್ಧ ಕಳೆದುಕೊಳ್ಳುವುದು ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ಅಂದರೆ ‘ನದಿ’ ಬೇಕು, ಅದರಲ್ಲಿ ಚಲನೆ ಇದೆ. ತೊಡಕಿರುವುದು ‘ಹಿಮ’ದಲ್ಲಿ.

ಐಸಿಗೆ ಕೆಲವರು ‘ನೀರ್ಗಲ್ಲು’ ಎಂದು ಬರೆಯುವುದನ್ನು ನೋಡಿದ್ದೇನೆ. ಈ ಪದ ನನಗೆ ಇಷ್ಟ. ನೀರು ಕಲ್ಲಾಗುವುದು ನಮ್ಮ ಜನಕ್ಕೆ ಹೊಸದಲ್ಲ. ಆಲಿಕಲ್ಲಿನಲ್ಲಿ ಕಲ್ಲಿದೆ, ಹಳಬರು ಹೇಳುವ ಆನೆಕಲ್ಲಿನಲ್ಲೂ ಇದೆ. ತೆಲುಗು ಮನೆಮಾತಿನ ಮಕ್ಕಳು ಆಲಿಕಲ್ಲಿಗೆ ವಡಗಳ್ಳು ಎನ್ನುತ್ತಾರೆ, ಅಲ್ಲೂ ಕಲ್ಲೇ. ದ್ರಾಕ್ಷಿ ತೋಟದವರ ಮನೆಯಲ್ಲಿ ಈ ಕಲ್ಲಿನ ಏಟು ಏನು ಅಂತ ಯಾರೂ ಕಲಿಸಬೇಕಿಲ್ಲ. ಹಾಗಾದರೆ ‘ನೀರ್ಗಲ್ಲ ನದಿ’ ಎಂದರೆ ಆದೀತೇ? ನಾಲಿಗೆಗೆ ಸ್ವಲ್ಪ ಉದ್ದವಾಯಿತು. ‘ಹೆಪ್ಪುನದಿ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಆದರೆ ಹೆಪ್ಪುಗಟ್ಟಿದ ನದಿ ಬೇರೆಯೇ ಒಂದು ಇದೆಯಲ್ಲ. ಲಡಾಖಿನ ಜನ್‌ಸ್ಕಾರ್ ಚಳಿಗಾಲದಲ್ಲಿ ಮೇಲೆಲ್ಲ ಗಟ್ಟಿಯಾಗಿ, ಜನ ಅದರ ಮೇಲೆ ನಡೆದು ಹೋಗುತ್ತಾರೆ. ಅದು ನದಿ, ಗ್ಲೇಸಿಯರ್ ಅಲ್ಲ.

ಇನ್ನೊಂದು ಕಡೆಯೂ ನಮಗೆ ಎರಡು ಪದ ಬೇಕು. ನೀರಿನ ಮೇಲೆ ತೇಲುವುದಕ್ಕೂ ನೆಲದ ಮೇಲೆ ಕೂತದ್ದಕ್ಕೂ ಪತ್ರಿಕೆಗಳಲ್ಲಿ ಒಂದೇ ‘ಮಂಜುಗಡ್ಡೆ’. ಎರಡು ಸ್ಟೀಲ್ ಲೋಟ ತಂದು ತೋರಿಸಿದೆ. ಒಂದರಲ್ಲಿ ನೀರಿನ ಮೇಲೆ ಐಸು ತೇಲಿಬಿಟ್ಟೆ. ಇನ್ನೊಂದರಲ್ಲಿ ನೀರಿನಿಂದ ಮೇಲಕ್ಕೆ ಬರುವಷ್ಟು ಕಲ್ಲು ಇಟ್ಟು, ಅದರ ತಲೆಯ ಮೇಲೆ ಐಸು ಕೂರಿಸಿದೆ. ನೀರು ಎಲ್ಲಿಗಿದೆ ಅಂತ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆವು. ಎರಡೂ ಕರಗಿದವು. ಮೊದಲನೆಯದು ಗೆರೆಯಲ್ಲೇ ನಿಂತಿತು, ಎರಡನೆಯದು ಗೆರೆ ದಾಟಿತು. ಹಿಂದಿನ ಬೆಂಚಿನ ಹುಡುಗಿ, ‘ಬೆಟ್ಟದ ನೀರು ಕೆರೆಗೆ ಬಂದಂಗಾಯ್ತು ಸಾರ್’ ಎಂದಳು. ಇಷ್ಟು ಸ್ಪಷ್ಟವಾಗಿ ನಮ್ಮ ಪುಸ್ತಕಗಳಲ್ಲಿ ಯಾಕೆ ಬರೆಯುವುದಿಲ್ಲ? ಸಮುದ್ರವನ್ನು ಏರಿಸುವುದು ಹಿಮಾಲಯ, ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲೆ ಕೂತಿರುವ ಗಡ್ಡೆ. ಜೊತೆಗೆ, ಬಿಸಿಯಾದ ಸಮುದ್ರದ ನೀರು ಹಿಗ್ಗುವುದೂ ಇದೆ. 1901ರಿಂದ 2018ರವರೆಗೆ ಸರಾಸರಿ 20 ಸೆಂಟಿಮೀಟರ್‌ನಷ್ಟು ಏರಿದೆ, ಈಚೆಗೆ ಏರುವ ವೇಗವೂ ಜಾಸ್ತಿಯಾಗಿದೆ.

‘ಹಿಮನದಿ ಹಿಂದೆ ಸರಿಯುತ್ತಿದೆ’ ಎಂಬ ಮಾತೂ ಇದೆ. ಗಡ್ಡೆ ಯಾವಾಗಲೂ ಕೆಳಕ್ಕೇ ಸಾಗುವುದು, ಹಿಂದಕ್ಕೆ ನಡೆಯುವುದಿಲ್ಲ. ಮೇಲಿನಿಂದ ಬರುವುದಕ್ಕಿಂತ ತುದಿಯಲ್ಲಿ ಕರಗುವುದು ಜಾಸ್ತಿಯಾಗಿ ತುದಿ ಮೊಟಕಾಗುತ್ತದೆ. ಗಂಗೋತ್ರಿ ಗ್ಲೇಸಿಯರಿನ ತುದಿಯಾದ ಗೋಮುಖ 1935ರಿಂದ ಈಚೆಗೆ ಒಂದು ಕಿಲೋಮೀಟರಿಗೂ ಜಾಸ್ತಿ ಮೇಲಕ್ಕೆ ಹೋಗಿದೆ. ಬೇಸಿಗೆಯಲ್ಲಿ ಕೆರೆ ಬತ್ತುವಾಗ ‘ನೀರು ಒಳಕ್ಕೆ ಹೋಯ್ತು’ ಎನ್ನುತ್ತೇವಲ್ಲ, ಅಂಥ ಒಂದು ಮಾತು ಇದಕ್ಕೂ ಬೇಕು. ‘ಸವೆಯುತ್ತಿದೆ’ ಎಂದರೆ ಹೇಗೆ?

‘ಹವಾಮಾನ ಬದಲಾವಣೆ’ಯ ಬಗ್ಗೆ ಇಲ್ಲಿ ಉದ್ದ ಬರೆಯಲ್ಲ. ನಮ್ಮ ಡೇರಿಯ ಹತ್ತಿರ ಹಿರಿಯರೊಬ್ಬರು ‘ಹವಾಮಾನ ಯಾವತ್ತು ಬದಲಾಗಿಲ್ಲ ಹೇಳಿ ಮೇಷ್ಟ್ರೇ?’ ಎಂದು ವಾದಕ್ಕೆ ನಿಂತರು. ಇವತ್ತಿನ ಮಳೆ ಬಿಸಿಲಿಗೆ ಹವಾಮಾನ, 30 ವರ್ಷದ ಸರಾಸರಿಗೆ ವಾಯುಗುಣ ಎಂದು ಪಾಠದಲ್ಲಿ ಕಲಿಸುತ್ತೇವೆ. ಸುದ್ದಿಯಲ್ಲಿ ಮಾತ್ರ ಎರಡನ್ನೂ ಬೆರೆಸುತ್ತೇವೆ. ಅವರ ವಾದದ ಅರ್ಧ ಬಲ ಆ ಪದದಿಂದಲೇ ಬಂದದ್ದು. ‘ವಾಯುಗುಣ ಬದಲಾವಣೆ’ ಎಂದೇ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗ್ಲೇಸಿಯರಿಗೆ ಮಾತ್ರ ನನ್ನಲ್ಲಿ ಪದ ಇಲ್ಲ. ನಮ್ಮೂರಿನ ನಿವೃತ್ತ ಸೈನಿಕರೊಬ್ಬರು ಸಿಯಾಚಿನ್‌ನಲ್ಲಿ ಇದ್ದು ಬಂದವರು. 76 ಕಿಲೋಮೀಟರ್ ಉದ್ದದ ಆ ಗಡ್ಡೆಯ ಮೇಲೆ ಚಳಿಗಾಲ ಕಳೆದವರು. ಅವರನ್ನು ಕೇಳಿದೆ. ಅವರೂ ‘ಗ್ಲೇಸಿಯರ್’ ಎಂದೇ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, ‘ರಾತ್ರಿ ಒಳಗಿನಿಂದ ಲಟಲಟ ಅಂತ ಸದ್ದು ಬರೋದು ಸಾರ್, ಅದು ನಡೀತಾ ಇರುತ್ತೆ’ ಎಂದರು. ನಿಮ್ಮ ಮನೆಗಳಲ್ಲಿ, ನೆಂಟರಲ್ಲಿ ಅಲ್ಲಿಗೆ ಹೋಗಿಬಂದ ಯೋಧರು ಇದ್ದರೆ ದಯವಿಟ್ಟು ಕೇಳಿ ನೋಡಿ. ಊರಿಗೆ ಬಂದು ಅಮ್ಮನಿಗೆ ಹೇಳುವಾಗ ಅದನ್ನು ಏನಂತ ಕರೆದರು?