34ನೇ ವಯಸ್ಸಿನಲ್ಲಿ ಅಪ್ರೆಂಟಿಸ್ ಆಗಿ ತಾಂತ್ರಿಕ ಕೆಲಸ ಹಿಡಿಯಬಹುದೇ?

ತೂಕದಮನೆ, ಸಂಡೂರು:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಗಣಿಯೊಂದರ ಲಾರಿ ತೂಗುವ ವೇಬ್ರಿಜ್‌ನಲ್ಲಿ ಗುತ್ತಿಗೆದಾರರ ಮೂಲಕ ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಲಾರಿಗಳ ಗಾಜಿಗೆ ರೇಡಿಯೋ ಅಲೆಯಿಂದ ಗುರುತು ಹಿಡಿಯುವ ಆರ್‌ಎಫ್‌ಐಡಿ ಟ್ಯಾಗ್ ಅಂಟಿಸಿ, ತೂಕ ತಾನಾಗಿಯೇ ಕಂಪ್ಯೂಟರಿಗೆ ಹೋಗುವ ವ್ಯವಸ್ಥೆ ಬಂದ ಮೇಲೆ ಆರು ಜನರಲ್ಲಿ ಒಬ್ಬರನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳುಹಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ತಂದೆಯವರ ಲಾರಿ ಮನೆ ಮುಂದೆಯೇ ನಿಂತಿತ್ತು. ಆಗ ಗಣಿ ಮತ್ತೆ ತೆರೆಯುತ್ತದೆಂದು ಕಾಯಲಾದರೂ ಬರುತ್ತಿತ್ತು. ನನ್ನ ಕೆಲಸ ಹಾಗೆ ಮರಳಿ ಬರುವಂಥದ್ದಲ್ಲ.

ನಾನು ಓದಿರುವುದು ಪಿಯುಸಿ ವಾಣಿಜ್ಯ. ಬಳ್ಳಾರಿಯ ತರಬೇತಿ ಕೇಂದ್ರವೊಂದು 45,000 ರೂಪಾಯಿ ಕಟ್ಟಿದರೆ ಆರು ತಿಂಗಳು ಸಾಫ್ಟ್‌ವೇರ್ ಕಲಿಸಿ, ಬೆಂಗಳೂರಿನಲ್ಲಿ ಅಪ್ರೆಂಟಿಸ್ (ಕೆಲಸ ಮಾಡುತ್ತಲೇ ಕಲಿಯುವವ) ಆಗಿ ಸೇರಿಸುವುದಾಗಿ ಹೇಳುತ್ತಿದೆ. ಇಬ್ಬರು ಮಕ್ಕಳಿದ್ದಾರೆ. ಸೇರಬಹುದೇ?

ಐಟಿಐ ಬೋಧಕ, ಕೊಪ್ಪಳ:

ದಯವಿಟ್ಟು ಹಣ ಕಟ್ಟಬೇಡಿ. ಅಪ್ರೆಂಟಿಸ್ ಎಂಬುದು 1961ರ ಅಪ್ರೆಂಟಿಸ್ ಕಾಯ್ದೆಗೆ ಒಳಪಟ್ಟ ಮಾತು. ಅಲ್ಲಿ ಕಲಿಯುವವನಿಗೆ ಉದ್ಯಮದವರು ಪ್ರತಿ ತಿಂಗಳು ಸ್ಟೈಪೆಂಡ್ (ಕಲಿಕೆಯ ಕಾಲದ ಭತ್ಯೆ) ಕೊಡಬೇಕೇ ಹೊರತು ಕಲಿಯುವವನು ಉದ್ಯಮಕ್ಕೆ ಕೊಡುವುದಲ್ಲ. 2019ರ ನಿಯಮಗಳ ತಿದ್ದುಪಡಿಯಲ್ಲಿ ಪಿಯುಸಿ ಆದವರಿಗೆ ಕನಿಷ್ಠ 7,000 ರೂಪಾಯಿ ಎಂದು ನಿಗದಿಯಾಗಿತ್ತು. 30 ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಉದ್ಯಮವೂ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಪ್ಪಂದವು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಆ ಕೇಂದ್ರದವರನ್ನು ಕೇಳಿ ನೋಡಿ. ಹೌದೆಂದರೆ ಅದರ ಪ್ರತಿ ತೋರಿಸಲಿ.

ಕಾಯ್ದೆಯಲ್ಲಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಆದರೆ ಸ್ಟೈಪೆಂಡ್‌ನ ಶೇ. 25ರಷ್ಟನ್ನು, ಅಂದರೆ ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 35 ವರ್ಷದೊಳಗಿನವರಿಗೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ಆ ವಯಸ್ಸು ದಾಟಿದವರನ್ನು ತೆಗೆದುಕೊಳ್ಳಲು ಉದ್ಯಮದವರು ಹಿಂದೇಟು ಹಾಕುವುದನ್ನು ನಾನೇ ಕಂಡಿದ್ದೇನೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಅವರಿಗಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇನ್ನೊಂದು ವಿಷಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಕೆಲಸ ಕಳೆದುಕೊಂಡವರು ಹೊಸ ಕೆಲಸ ಕಲಿಯಲೆಂದು ಮರುಕೌಶಲ ನಿಧಿ ಎಂಬುದಿದೆ. ನಿಮ್ಮನ್ನು ತೆಗೆದದ್ದು ಆ ದಿನಾಂಕದ ನಂತರವಾದರೆ, ಪರಿಹಾರದ ಜೊತೆಗೆ ಕೊನೆಯ ವೇತನದ ಲೆಕ್ಕದಲ್ಲಿ ಹದಿನೈದು ದಿನಗಳ ಹಣ 45 ದಿನಗಳೊಳಗೆ ನಿಮ್ಮ ಖಾತೆಗೆ ಬರಬೇಕು. ನೀವೇ ಕೆಲಸ ಬಿಟ್ಟು ಹೋದಿರೆಂದು ಗುತ್ತಿಗೆದಾರರು ಬರೆದುಬಿಟ್ಟರೆ ಇದು ಸಿಗುವುದು ಕಷ್ಟ; ಆದ್ದರಿಂದ ಏನೂ ಓದದೆ ಸಹಿ ಹಾಕಬೇಡಿ.

ಕಟಿಂಗ್ ಟೇಬಲ್, ಬಳ್ಳಾರಿ:

ಅಣ್ಣಾ, ನಾನು ಇಲ್ಲಿನ ಜೀನ್ಸ್ ಘಟಕವೊಂದರಲ್ಲಿ ಕೈಯಿಂದ ಪ್ಯಾಟರ್ನ್ ಹಾಕುತ್ತಿದ್ದವಳು. ಆ ಘಟಕ ಮುಚ್ಚಿದ ಮೇಲೆ ಇನ್ನೊಂದು ಕಡೆ ಒಂದು ವರ್ಷ ಅಪ್ರೆಂಟಿಸ್ ಆಗಿ ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಮಾಡುವುದನ್ನು ಕಲಿತೆ. ಕಲಿಯುವುದು ಕಷ್ಟವಾಗಲಿಲ್ಲ, ಏಕೆಂದರೆ ಬಟ್ಟೆ ಎಲ್ಲಿ ಉಳಿಯುತ್ತದೆ, ತೊಳೆದ ಮೇಲೆ ಎಷ್ಟು ಕುಗ್ಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಮೌಸ್ ಹಿಡಿಯುವುದಷ್ಟೇ ಹೊಸದು. ಕಷ್ಟವಾದದ್ದು ಮನೆ ನಡೆಸುವುದು. ರಾತ್ರಿ ಮನೆಯಲ್ಲಿ ಪೀಸ್ ಲೆಕ್ಕಕ್ಕೆ ಹೊಲಿದೇ ಆ ವರ್ಷ ಕಳೆದೆ. ನೀವು ಬೆಂಗಳೂರಿಗೆ ಹೋದರೆ ಸ್ಟೈಪೆಂಡ್ ಬಾಡಿಗೆಗೇ ಹೋಗಿಬಿಡುತ್ತದೆ. ಅತ್ತಿಗೆಯವರೊಂದಿಗೆ ಕುಳಿತು ಹನ್ನೆರಡು ತಿಂಗಳ ಖರ್ಚನ್ನು ಕಾಗದದ ಮೇಲೆ ಬರೆದು ನೋಡಿ, ಆಮೇಲೆ ತೀರ್ಮಾನಿಸಿ.

ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ತೋರಣಗಲ್ಲು:

ಮೇಡಂ ಅವರ ಮಾತನ್ನೇ ಮುಂದುವರಿಸುತ್ತೇನೆ. ಸಾಫ್ಟ್‌ವೇರ್ ಕಲಿತ ಇಪ್ಪತ್ತೆರಡರ ಹುಡುಗರೊಂದಿಗೆ ನೀವು ಏಕೆ ಪೈಪೋಟಿಗೆ ಇಳಿಯಬೇಕು? ನಿಮ್ಮ ಕೆಲಸ ಕಿತ್ತುಕೊಂಡ ಆ ಯಂತ್ರವೂ ಕೆಡುತ್ತದೆ. ಮಳೆಗಾಲದಲ್ಲಿ ಜಂಕ್ಷನ್ ಬಾಕ್ಸ್‌ಗೆ ನೀರು ಹೋಗುತ್ತದೆ, ಅದಿರಿನ ಧೂಳು ಪ್ಲಾಟ್‌ಫಾರ್ಮಿನ ಅಡಿ ಗಟ್ಟಿಯಾಗಿ ತೂಕ ತಪ್ಪುತ್ತದೆ, ತೂಕ ಅಳೆಯುವ ಒಂದು ಲೋಡ್ ಸೆಲ್ ಸತ್ತರೆ ಲಾರಿಗಳ ಸಾಲು ನಿಲ್ಲುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಲೇಬೇಕಾದ್ದರಿಂದ ತೂಕ ಸರಿಹೊಂದಿಸುವ ಕ್ಯಾಲಿಬ್ರೇಷನ್ ಕೆಲಸವೂ ತಪ್ಪುವುದಿಲ್ಲ. ಯಾವ ಆಕ್ಸೆಲ್ ಹೊರಗುಳಿದರೆ ಎಷ್ಟು ಟನ್ ಕಡಿಮೆ ತೋರಿಸುತ್ತದೆ ಎಂಬುದನ್ನು ಹನ್ನೊಂದು ವರ್ಷ ಕಣ್ಣಾರೆ ನೋಡಿದವರಿಗೆ ದೋಷ ಹುಡುಕುವ ಅರ್ಧ ವಿದ್ಯೆ ಬಂದಂತೆಯೇ. ಉಳಿದರ್ಧ ಮಲ್ಟಿಮೀಟರ್, ವೈರಿಂಗ್, ಸ್ವಲ್ಪ ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಚಿಕ್ಕ ಕಂಪ್ಯೂಟರ್), ಸ್ವಲ್ಪ ನೆಟ್‌ವರ್ಕ್. ತೂಕಯಂತ್ರ ದುರಸ್ತಿ ಮಾಡುವ ಏಜೆನ್ಸಿಗಳಲ್ಲಿ ವಿಚಾರಿಸಿ. 4ರಿಂದ 29 ಜನರಿರುವ ಚಿಕ್ಕ ಉದ್ಯಮಗಳೂ ಇಚ್ಛೆಯಿದ್ದರೆ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು.

ತೂಕದಮನೆ, ಸಂಡೂರು:

ಎಲ್ಲರಿಗೂ ಧನ್ಯವಾದಗಳು. ತರಬೇತಿ ಕೇಂದ್ರದವರಿಗೆ ಒಪ್ಪಂದದ ಪ್ರತಿ ಕೇಳಿದೆ. ಮೊದಲು ಮುಂಗಡ ಕಟ್ಟಿ ಎಂದರು, ಅಲ್ಲಿಗೆ ಬಿಟ್ಟೆ. ನಮ್ಮ ವೇಬ್ರಿಜ್ ದುರಸ್ತಿಗೆ ಹೊಸಪೇಟೆಯಿಂದ ಬರುತ್ತಿದ್ದವರ ನಂಬರ್ ನನ್ನ ಹಳೆಯ ರಿಜಿಸ್ಟರಿನಲ್ಲಿದೆ. ಜನವರಿಗೆ ನನಗೆ 35 ತುಂಬುತ್ತದೆ. ಬೋಧಕರೇ, ಅಷ್ಟರೊಳಗೆ ಒಪ್ಪಂದ ನೋಂದಣಿಯಾದರೆ ಸಾಕೇ, ಅಥವಾ ತರಬೇತಿಯೂ ಮುಗಿದಿರಬೇಕೇ?