ಡಿಮ್‌ನಾಗ ಇದ್ರೂ ಎದುರಿನವ್ರು ಡಿಪ್ಪರ್ ಹೊಡೀತಾರ, ಆಟೋ ಲೆವೆಲಿಂಗ್ ಕೆಲಸ ಮಾಡ್ತಿಲ್ಲೇನ್ರಿ?

ಗಂಗಾವತಿ_ಗಾಡಿ: ನಿನ್ನೆ ರಾತ್ರಿ ಗಂಗಾವತಿಯಿಂದ ಸಿಂಧನೂರಿಗೆ ಹೊಂಟಿದ್ದೆ, ಡಿಕ್ಕಿಯಾಗ 25 ಕೆಜಿದು ನಾಲ್ಕು ಅಕ್ಕಿ ಚೀಲ, ಹಿಂದ ಮೂರು ಮಂದಿ. ಡಿಮ್‌ನಾಗೇ ಇದ್ದೆ, ಆದ್ರೂ ಎದುರಿಗೆ ಬಂದವ್ರೆಲ್ಲ ಡಿಪ್ಪರ್ ಹೊಡದ್ರು. ಗಾಡಿಗೆ ಆಟೋ ಹೆಡ್‌ಲ್ಯಾಂಪ್ ಲೆವೆಲಿಂಗ್ ಐತಿ ಅಂತ ಶೋರೂಮಿನಾಗ ಹೇಳಿದ್ರು. ತಾನಾಗೇ ಕೆಳಗ ಇಳೀಬೇಕಲ್ರಿ?

ರಾಯಚೂರು_ರೋಡ್: ಎದುರಿನ ಗಾಡಿ ಕಂಡ ಕೂಡ್ಲೇ ಡಿಮ್ ಮಾಡೋದೇ ಅದ್ರ ಕೆಲಸ. ಗ್ಲಾಸಿನ ಹತ್ರ ಕ್ಯಾಮೆರಾ ಇರ್ತದ, ಒರೆಸಿ ನೋಡ್ರಿ.

ಬಳ್ಳಾರಿ_ವೈರಿಂಗ್: ಅಲ್ಲಣ್ಣ, ಅದು ಆಟೋ ಹೈಬೀಮ್, ಬೇರೆ. ಲೆವೆಲಿಂಗಿಗೂ ಎದುರಿನ ಗಾಡಿಗೂ ಸಂಬಂಧಾನೇ ಇಲ್ಲ. ಹಿಂದೆ ಲೋಡ್ ಬಿದ್ರೆ ಹಿಂಬದಿ ಕೂತು ಮೂತಿ ಎದ್ದೇಳುತ್ತೆ. ಹಿಂದಿನ ಆಕ್ಸೆಲ್ ಹತ್ರ ಸಣ್ಣ ಕಡ್ಡಿ ಇರೋ ಸೆನ್ಸರ್ ಇರುತ್ತೆ, ಬಾಡಿ ಕೂತಷ್ಟೂ ಆ ಕಡ್ಡಿ ತಿರುಗುತ್ತೆ, ಕಂಟ್ರೋಲ್ ಯೂನಿಟ್ ಅದನ್ನ ಲೆಕ್ಕ ಹಾಕಿ ಲ್ಯಾಂಪ್ ಒಳಗಿನ ಮೋಟರಿಗೆ ಹೇಳುತ್ತೆ, ಬೆಳಕು ಕೆಳಗೆ ಬಾಗುತ್ತೆ. ಕೆಲವಕ್ಕೆ ಮುಂದೂ ಒಂದು ಸೆನ್ಸರ್. ಡಿಮ್ ಲೈಟು 1 ಪರ್ಸೆಂಟ್ ಇಳಿಜಾರು ಅಂದ್ರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯೋದು, ಮೂತಿ ಒಂದೇ ಡಿಗ್ರಿ ಎದ್ರೂ ಅದೆಲ್ಲ ಹೋಗಿ ಬೆಳಕು ಎದುರಿನವರ ಕಣ್ಣಿಗೇ. ಸ್ಟೇರಿಂಗ್ ಪಕ್ಕ 0, 1, 2, 3 ಅಂತ ಚಕ್ರ ಇದ್ರೆ ನಿಮ್ಮದು ಆಟೋ ಅಲ್ಲ, ಕೈಯಿಂದ ತಿರುಗಿಸೋದು.

ಗಂಗಾವತಿ_ಗಾಡಿ: ಚಕ್ರ ಐತ್ರಿ. 0ಕ್ಕ ಐತಿ.

ಲಿಂಗಸುಗೂರು_ಸ್ಟೇರಿಂಗ್: 0 ಅಂದ್ರ ಎಲ್ಲಾದಕ್ಕಿಂತ ಕೆಳಗ, ಹಂಗಾದ್ರ ನಿಮ್ದು ತಪ್ಪಿಲ್ಲ ಬಿಡ್ರಿ. 3ಕ್ಕ ಇಟ್ರ ಮ್ಯಾಲ ಹೋಗ್ತದ. 20 ವರ್ಷ ಸ್ಟೇರಿಂಗ್ ಹಿಡದೀನಿ.

ಬಳ್ಳಾರಿ_ವೈರಿಂಗ್: ಉಲ್ಟಾ ಹೇಳ್ತಿದ್ದೀರಾ. 0 ಖಾಲಿ ಗಾಡಿಗೆ, ಬೆಳಕು ಎಲ್ಲಕ್ಕಿಂತ ಮೇಲೆ. 3 ಎಲ್ಲಕ್ಕಿಂತ ಕೆಳಗೆ. ಲೋಡ್ ಜಾಸ್ತಿ ಆದಷ್ಟೂ ಅಂಕಿ ಜಾಸ್ತಿ.

ಲಿಂಗಸುಗೂರು_ಸ್ಟೇರಿಂಗ್: "ಅಂಕಿ ಜಾಸ್ತಿ" ಅಂದ್ರ ಬೆಳಕೂ ಜಾಸ್ತಿ, ಫ್ಯಾನ್ 3ಕ್ಕ ಇಟ್ರ ಕಡಿಮಿ ತಿರುಗ್ತದೇನು?

ರಾಯಚೂರು_ರೋಡ್: "ಕೈಯಿಂದ ತಿರುಗಿಸೋದು" ಅಂತೀರಲ್ಲ, ವಿಶ್ವಸಂಸ್ಥೆಯ ವಾಹನ ನಿಯಮ 48ರಾಗ 2,000 ಲುಮೆನ್ (ಬೆಳಕಿನ ಅಳತಿ) ದಾಟಿದ ಲೈಟಿಗೆ ಆಟೋನೇ ಇರಬೇಕು ಅಂತ ಅದ. ಹೊಸ ಗಾಡಿಗೆ ಚಕ್ರ ಹೆಂಗ ಬಂತು?

ಬಳ್ಳಾರಿ_ವೈರಿಂಗ್: ಎಚ್4 ಹ್ಯಾಲೋಜನ್ ಬಲ್ಬ್ ಡಿಮ್‌ನಲ್ಲಿ ಸುಮಾರು 1,000 ಲುಮೆನ್, ದಾಟಲ್ಲ. ಝೆನಾನ್ ಡಿ2ಎಸ್ ಬಲ್ಬ್ 3,200, ಅದಕ್ಕೆ ಬೇಕು. ಅದಿರಲಿ, 0 ಮೇಲೆ, 3 ಕೆಳಗೆ, ಇದನ್ನ ಮೊದಲು ಒಪ್ಪಿಕೊಳ್ಳಿ. ಲೋಡ್ ಹಾಕಿ 0ಕ್ಕೆ ಇಟ್ಕೊಂಡು ಬರೋರಿಂದಲೇ ತೋರಣಗಲ್ ರೋಡಲ್ಲಿ ರಾತ್ರಿ ಬೈಕ್ ಓಡಿಸೋಕೆ ಆಗ್ತಿಲ್ಲ ನಂಗೆ!

ಕೊಪ್ಪಳ_ಕೆಂಪುಮಣ್ಣು: ನಮ್ದು ಖರೇನ ಆಟೋ ಐತ್ರಿ, ಅದೂ ಮೋಸ ಹೋಗ್ತೈತಿ. ರಸ್ತಾ ತುಂಬ ತೆಗ್ಗು ಅಂತ ನಾಲ್ಕೂ ಗಾಲಿ ಸಸ್ಪೆನ್ಶನ್ನಿಗೆ ಬಾಡಿ ಎತ್ತರ ಮಾಡೋ ಸ್ಪೇಸರ್ ಹಾಕಿಸಿದ್ವಿ. ಸೆನ್ಸರ್ ಹಿಂದ ಮಾತ್ರ ಇತ್ತು, ಹಿಂಬದಿ ಎದ್ದೈತಿ, ಮೂತಿ ಬಗ್ಗೈತಿ ಅಂತ ತಿಳ್ಕೊಂಡು ಲೈಟ್ ಮ್ಯಾಲ ಎತ್ತಿತು. ಮತ್ತ ಸೆಟ್ ಮಾಡಿಸಬೇಕಾತು.

ರಾಯಚೂರು_ರೋಡ್: ಸ್ಪೇಸರ್ ಹಾಕಿಸಿದ್ದೇ ತಪ್ಪು ಅಕ್ಕಾರ.

ಗಂಗಾವತಿ_ಗಾಡಿ: ಜಗಳ ಬಿಡ್ರಿ, ಅಕ್ಕಿ ಗಿರಣಿ ಗ್ವಾಡಿ ಮುಂದ ಹತ್ತು ಹೆಜ್ಜಿ ದೂರ ನಿಲ್ಲಿಸಿ ಸೀಮೆಸುಣ್ಣದಾಗ ಬೆಳಕಿನ ಅಂಚಿಗೆ ಗೀಟು ಹಾಕಿದೆ. 0ಯಿಂದ 3ಕ್ಕ ತಿರುವಿದೆ. ಅಂಚು ಗೀಟಿನಿಂದ ಹತ್ರಹತ್ರ ಒಂದು ಗೇಣು ಕೆಳಗ ಇಳೀತು.

ಲಿಂಗಸುಗೂರು_ಸ್ಟೇರಿಂಗ್: ಗಿರಣಿ ಅಂಗಳ ಇಳಿಜಾರು ಇರ್ತದ.

ಬಳ್ಳಾರಿ_ವೈರಿಂಗ್: ಅಂಗಳ ಅಲ್ಲೇ ಇದೆ, ಗಾಡಿ ಅಲ್ಲೇ ಇದೆ, ಬದಲಾಗಿದ್ದು ಚಕ್ರ ಒಂದೇ!!

ಗಂಗಾವತಿ_ಗಾಡಿ: ಇವತ್ತ ಅಷ್ಟೇ ಲೋಡಿನಾಗ 2ಕ್ಕ ಇಟ್ಟು ಕಾರಟಗಿ ತನಕ ಬಂದೆ. ಒಬ್ರೂ ಡಿಪ್ಪರ್ ಹೊಡೀಲಿಲ್ರಿ.

ಲಿಂಗಸುಗೂರು_ಸ್ಟೇರಿಂಗ್: ಕಾರಟಗಿ ತನಕ ಗಾಡಿ ಕಡಿಮಿ ಇದ್ದಾವು ಅನ್ರಿ. ನಾ ಅಂತೂ 0ಕ್ಕೇ ಇಡಾಂವ.